ಎಲ್ಲಾ ಇದಾವೆ
ಕುರಿಗಾಹಿಗಳಿಗೆ ಕಟ್ಟಿಸಿಕೊಟ್ಟ ನೀರಿನ ತೊಟ್ಟಿ ಎಷ್ಟು ಉಪಯೋಗಕ್ಕೆ ಬಂತೆಂದು ನೋಡಲು ವರ್ಷಕ್ಕೆರಡು ಸಲ ಬರುವ ಮೌಲ್ಯಮಾಪಕರಿಗೆ ಬಿಡಾರದವರು ಇಟ್ಟ ಹೆಸರು ಎಷ್ಟಪ್ಪ. ಜೀಪಿನಿಂದ ಕಾಲು ಕೆಳಗಿಡುವ ಮೊದಲೇ ಅವರ ಬಾಯಲ್ಲಿ "ಎಷ್ಟು?" ಇರುತ್ತದೆ. ಜೇಬಿನಲ್ಲಿ ಮೂರು ಪೆನ್ನು, ಬರೆಯುವುದು ಮಾತ್ರ ಜೀಪಿನವನ ಪೆನ್ನಿನಲ್ಲಿ. ತೊಟ್ಟಿಗೆ ಕೋಲು ಇಳಿಬಿಟ್ಟು ಆಳ ನೋಡುತ್ತಾರೆ, ಗೊರಸಿನ ಗುರುತಿನ ಮುಂದೆ ಕುಕ್ಕರಗಾಲಲ್ಲಿ ಕೂತು "ಇದು ನಿನ್ನೇದು" ಎಂದು ಪತ್ತೇದಾರರಂತೆ ತಲೆದೂಗುತ್ತಾರೆ, ಕೊಟ್ಟ ಚಹಾವನ್ನೂ ಕಣ್ಣಲ್ಲೇ ಅಳೆದು ಕುಡಿಯುತ್ತಾರೆ. ಆದರೆ ಫಾರಂನ ಏಳನೇ ಕಲಂ ಬಂದಾಗ ಅವರ ಗಾಡಿ ಹೂತುಹೋಗುತ್ತದೆ. "ಅಜ್ಜಿ, ಕುರಿ ಎಷ್ಟಿವೆ?" ಎಂದರೆ ಬಿಡಾರದ ಹಿರಿಯಳು ಹಿಂಡಿನ ಮೇಲೊಮ್ಮೆ ಕಣ್ಣಾಡಿಸಿ "ಎಲ್ಲಾ ಇದಾವಪ್ಪ" ಎನ್ನುತ್ತಾಳೆ. "ಎಲ್ಲಾ ಅಂದ್ರೆ ಎಷ್ಟು?" "ಎಣಿಸಿದ್ರೆ ಕಮ್ಮಿ ಆಗ್ತವೆ ಮಗಾ. ಮುಖ ನೋಡಿದ್ರೆ ಗೊತ್ತಾಗಲ್ವಾ?" ಕಲಂ ಖಾಲಿ ಬಿಟ್ಟರೆ ಎರಡನೇ ತೊಟ್ಟಿ ಮಂಜೂರಾಗದು, ಅಂದಾಜಿಗೆ ಒಂದು ಅಂಕಿ ಗೀಚುವುದು ಅವರ ಜಾಯಮಾನವಲ್ಲ. ಹಾಗಾಗಿ ಇಡೀ ದಿನ ತೊಟ್ಟಿಯ ಪಕ್ಕ ಬಿಸಿಲಲ್ಲಿ ಕೂತು, ನೀರು ಕುಡಿದು ಹೋಗುವ ಒಂದೊಂದು ಕುರಿಯ ಮುಖವನ್ನೂ ನೋಡುತ್ತಾ, ಅಜ್ಜಿಗೆ ಗೊತ್ತಾಗದಂತೆ, ತುಟಿಯನ್ನೂ ಅಲುಗಿಸದೆ ಎಣಿಸಿಕೊಳ್ಳುತ್ತಾರೆ. ಮನೆಗೆ ಬಂದ ಸಂಜೆ, ಊಟಕ್ಕೆ ಕೂತ ಮಕ್ಕಳು ಮೊಮ್ಮಕ್ಕಳ ಮುಖಗಳನ್ನು ಬಾಗಿಲಲ್ಲೇ ನಿಂತು ಒಂದೊಂದಾಗಿ ನೋಡುತ್ತಾರೆ. ಒಳಗಿಂದ ಹೆಂಡತಿ "ರೀ, ತಟ್ಟೆ ಎಷ್ಟು ತರ್ಲಿ?" ಎಂದು ಕೇಳಿದರೆ, ಎಷ್ಟಪ್ಪನವರು ಚಪ್ಪಲಿ ಬಿಡುತ್ತಾ, "ಎಲ್ಲಾ ಇದಾರೆ ಕಣೇ" ಎನ್ನುತ್ತಾರೆ.