ಓದದೆ ಹಾರಿಸಿದ ಸಾಲು

ಇವತ್ತು ಬೆಳಿಗ್ಗೆ ಮಗಳ ಮದುವೆ ಕಾರ್ಡಿನ ಕರಡು ಮೊಬೈಲಿಗೆ ಬಂತು. ಬೆನ್ನಿಗೇ ಮಗಳ ಫೋನು: "ಅವ್ವಾ, ಅಕ್ಷರ ತಪ್ಪು ಅದಾವೇನು ನೋಡು. ಮಧ್ಯಾಹ್ನಕ್ಕ ಲೇಔಟ್ ಮಾಡ್ತಾರಂತ." ಕನ್ನಡಕ ಹುಡುಕಿದೆ. ಆಮೇಲೆ ಕಟ್ಟಿಗೆಯ ಸ್ಕೇಲು ಹುಡುಕಿದೆ. ಮೊಬೈಲಿನ ಮೇಲೆ ಸ್ಕೇಲಿಟ್ಟು ಓದುವವಳನ್ನು ನೀವು ಕಂಡಿರಲಿಕ್ಕಿಲ್ಲ; ಇದು ಮೌಲಾಸಾಬ ಮಾಸ್ತರರು ಹಚ್ಚಿದ ಚಟ.

ಮದುವೆಗೆ ಮುಂಚೆ ನಾನು ಶಹಾಪುರದ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡುತ್ತಿದ್ದೆ. ಮಾಸ್ತರರು ನಿವೃತ್ತ ಕನ್ನಡ ಶಿಕ್ಷಕರು, ಅಲ್ಲಿ ಕರಡು ತಿದ್ದುತ್ತಿದ್ದರು. ಮನೆಯಲ್ಲಿ ಅವರದು ದಖನಿ ಉರ್ದು; ಆದರೆ ಕನ್ನಡದ ಒಂದು ಒತ್ತಕ್ಷರ ಅತ್ತಿತ್ತಾದರೆ ಹುಬ್ಬು ಮೇಲೇರುತ್ತಿತ್ತು. ಗಿರಾಕಿ ಬರೆದು ಕೊಟ್ಟ ಹಾಳೆಯನ್ನು ನಾನು ಜೋರಾಗಿ ಓದಬೇಕು, ಅವರು ಕರಡಿನ ಮೇಲೆ ಸ್ಕೇಲಿಟ್ಟು ಸಾಲು ಸಾಲಾಗಿ ಇಳಿಯಬೇಕು. ಎರಡೂ ಕೂಡಿದರೆ ಕೆಂಪು ಟಿಕ್. ಟಿಕ್ ಬಿದ್ದ ಮೇಲೆ ಮಾಲೀಕರು ಮತ್ತೆ ಓದದೆ ಲೇಔಟ್ ಮಾಡುತ್ತಿದ್ದರು.

"ಅರ್ಥದ ಬೆನ್ನ ಹತ್ತಬ್ಯಾಡ ಬೇಟಿ, ಅಕ್ಷರ ಕೈತಪ್ಪಿ ಹೋಗ್ತಾವ," ಎನ್ನುತ್ತಿದ್ದರು. ಕೂಸಿನ ಜವಳದ ಕಾರ್ಡನ್ನೂ ತಿಥಿಯ ಕಾರ್ಡನ್ನೂ ಒಂದೇ ಮುಖದಲ್ಲಿ ತಿದ್ದುತ್ತಿದ್ದರು. ನಾನೋ, ಗುರುತಿಲ್ಲದವರ ತಿಥಿಗೂ ಓಢಣಿಯಲ್ಲಿ ಕಣ್ಣೊರೆಸಿಕೊಳ್ಳುವವಳು.

ಅಂಥ ನನ್ನ ಕೈಗೆ ನನ್ನದೇ ಮದುವೆ ಕಾರ್ಡು ಬಂತು. ವರ ಸುರಪುರದವರು. ನಮ್ಮ ಮನೆಯಲ್ಲಿ ನಿಶ್ಚಯವಾದ ದಿನದಿಂದಲೇ ಗಂಡನಾಗುವವರ ಹೆಸರು ಹೇಳಬಾರದು. ಬಾಯಿಯ ಮಾತಿರಲಿ, ನನಗೆ ಬೆರಳೂ ಏಳಲಿಲ್ಲ. ಅಂಗಡಿ ತುಂಬ ಗಿರಾಕಿಗಳು. ಆಮೇಲೆ ಟೈಪ್ ಮಾಡಿದರಾಯಿತೆಂದು ವರನ ಹೆಸರಿನ ಸಾಲು ಬಿಟ್ಟೆ. ಓದುವಾಗಲೂ ಅಲ್ಲಿಗೆ ಬಂದು ಕೆಮ್ಮಿ, ಮುಂದಿನ ಸಾಲಿಗೆ ಹಾರಿದೆ. ಕರಡಿನಲ್ಲೂ ಅದು ಇರಲಿಲ್ಲವಲ್ಲ, ಓದಿದ್ದೂ ಟೈಪ್ ಮಾಡಿದ್ದೂ ಅಚ್ಚುಕಟ್ಟಾಗಿ ಕೂಡಿದವು. ಟಿಕ್ ಬಿತ್ತು. ನಾಚಿಕೆಯ ಗಡಿಬಿಡಿಯಲ್ಲಿ ನಾನೂ ಮರೆತೆ.

ಅಚ್ಚಾದ ಕಾರ್ಡು ಒಯ್ಯಲು ಸ್ವತಃ ಗಂಡನಾಗುವವರೇ ಬಂದರು. ಕಟ್ಟು ಬಿಚ್ಚಿ ಒಂದನ್ನು ಓದಿ, ಹಿಂದೆ ತಿರುಗಿಸಿ ನೋಡಿ, ಮೆಲ್ಲಗೆ ಕೇಳಿದರು: "ಕಾರ್ಡ್ ಭಾಳ ಚಲೋ ಆಗ್ಯಾದ್ರಿ. ಮದುಮಗ ಯಾರಂತ ಬರ್ದಿಲ್ಲಲ್ಲ?"

ಜೀವ ಹೌಹಾರಿತು. ಹುಡುಗಿಗೆ ಒಲ್ಲದ ಮದುವೆ ಎಂದು ಸುರಪುರದ ತುಂಬ ಸುದ್ದಿಯಾದರೆ? ಅವರೇ ಹಾಗೆಂದುಕೊಂಡರೆ? ಮುಚ್ಚುಮರೆ ಯಾಕೆ, ಅವರು ನನಗೆ ಬಹಳ ಮನಸ್ಸಿಗೆ ಬಂದಿದ್ದರು.

ಮಾಸ್ತರರು ಕಾರ್ಡನ್ನು ಈ ಸಲ ಸ್ಕೇಲಿಲ್ಲದೆ ಓದಿದರು. "ಈಕಿ ನಾಚಿ ಬಿಟ್ಟಾಳ, ಅದು ತಪ್ಪಲ್ಲ. ನಾ ಅರ್ಥ ನೋಡಲಾರ್ದ ಟಿಕ್ ಹಾಕೀನಿ, ಅದು ತಪ್ಪು. ಕುಂದರ್ರಿ, ನಿಮ್ಮ ಹೆಸರು ಹೇಳ್ರಿ," ಎಂದು ಶಾಯಿ ಪೆನ್ನು ತೆಗೆದರು. ನನ್ನ ಹೆಸರಿನ ಮೇಲಿನ ಖಾಲಿ ಜಾಗದಲ್ಲಿ, ಒಂದೊಂದು ಕಾರ್ಡಿಗೂ, ಮುತ್ತಿನಂಥ ಅಕ್ಷರ. ಮದುಮಗ ಪಕ್ಕದಲ್ಲಿ ಕೂತು ಶಾಯಿ ಆರಲೆಂದು ಊದಿದರು. ಊದಿ ಊದಿ ಅವರ ತುಟಿ ಒಣಗಿದ್ದು ನೋಡಿ ನಾನು ಮೂರು ಸಲ ಚಹಾ ತಂದೆ. ಸುರಪುರದವರು ಮಾತ್ರ, "ಕೈಲೆ ಬರಿಸ್ಯಾರ, ಎಷ್ಟ್ ಹೌಸಿ ನೋಡ್ರಿ!" ಎಂದು ಹೊಗಳಿದರಂತೆ.

ಮದುವೆಯಲ್ಲಿ ಗಂಡನ ಹೆಸರು ಕೂಡಿಸಿ ಒಡಪು ಹೇಳಲೇಬೇಕಲ್ಲ, ಆಗ ಆ ಹೆಸರನ್ನು ಅರ್ಧ ನುಂಗಿ ಹೇಳಿದೆ. ಆಮೇಲಿನ ಸಂಸಾರವೆಲ್ಲ "ಏನ್ರಿ" ಎನ್ನುವುದರಲ್ಲೇ ಸಾಗಿದೆ. ಮಾಸ್ತರರು ಈಗಿಲ್ಲ. ಅವರನ್ನು ನೆನೆದರೆ ಇವತ್ತಿಗೂ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತೇನೆ, ನಗುವೂ ಬರುತ್ತದೆ.

ಮಗಳ ಕಾರ್ಡನ್ನು ಜೋರಾಗಿ ಓದುತ್ತ ಇಳಿದೆ. ವಧುವಿನ ತಂದೆಯ ಸಾಲು ಬಂತು. ಅದೇ ಹಳೆಯ ಕೆಮ್ಮೂ ಬಂತು. ಸ್ಕೇಲು ಮುಂದೆ ಸರಿಯಲೊಲ್ಲದು. ಒಮ್ಮೆ ಹಾರಿಸಿ ಪಟ್ಟ ಪಾಡು ಸಾಕಾಗಿತ್ತು. ಅಕ್ಷರ ಬಿಡದೆ ಓದಿದೆ: "ಶ್ರೀ ಶರಣಪ್ಪ."

ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದವರು ತಲೆಯೆತ್ತಿದರು. ಪೇಪರ್ ಮಡಚಿಟ್ಟರು.

"ಇನ್ನೊಮ್ಮೆ ಓದು," ಎಂದರು. "ಸರಿ ಅದನೋ ಇಲ್ಲೋ ಕೇಳ್ತೀನಿ."

ಇನ್ನೊಮ್ಮೆ ಓದಿದೆ. ಕೆಮ್ಮು ಬರಲಿಲ್ಲ.