ಮಹಡಿಯ ಮೇಷ್ಟ್ರಿಗೆ ನಾನು ಹೇಳಿಕೊಟ್ಟ ಉಪಾಯ

ನನ್ನ ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಕಚೇರಿ. ಅಲ್ಲಿನ ಹೆಣ್ಣುಮಗಳೊಬ್ಬಳಿಗೆ ನಾನು ಮೇಷ್ಟ್ರು ಅಂತ ಹೆಸರಿಟ್ಟಿದ್ದೆ. ಬೇರೆಯವರು ಬರೆದ ಪ್ರೋಗ್ರಾಮಿಗೆ ಪರೀಕ್ಷೆ ಒಡ್ಡಿ ತಪ್ಪು ಹಿಡಿಯುವುದು ಆಕೆಯ ಕೆಲಸ. ಚಪ್ಪಲಿ ಕೊಳ್ಳುವಾಗಲೂ ಹೊಲಿಗೆ ಎಣಿಸುವವಳು. ಮೂರು ವರ್ಷದಿಂದ ತಾತ್ಕಾಲಿಕ ನೌಕರಿ. ಕಣ್ಣಾಸ್ಪತ್ರೆಯೊಂದರ ನೋಂದಣಿ ಪ್ರೋಗ್ರಾಂ ಸುಸೂತ್ರವಾಗಿ ನಡೆದರೆ ಖಾಯಂ ಮಾಡುವುದಾಗಿ ಮಾಲೀಕ ಮಾತು ಕೊಟ್ಟಿದ್ದ.

ಒಂದು ಮಧ್ಯಾಹ್ನ ಸಪ್ಪೆ ಮುಖ ಹೊತ್ತು ಇಳಿದು ಬಂದಳು.

"ಏನ್ ಮೇಷ್ಟ್ರೇ, ಇವತ್ತು ಯಾರೂ ಫೇಲಾಗ್ಲಿಲ್ವಾ?"

"ಪರೀಕ್ಷೆ ಮುಗಿದ್ರೆ ತಾನೇ ಅಣ್ಣ. ಇನ್ನೂರು ಇದಾವೆ. ಒಂದೊಂದಕ್ಕೂ ಹೆಸರು-ವಿವರ ಎಲ್ಲ ಇಡೋ ಡೇಟಾಬೇಸ್‌ಗೆ ಹೊಸದಾಗಿ ಕನೆಕ್ಷನ್ ತೆಗೀಬೇಕು, ಮುಗಿದ್ಮೇಲೆ ಎಲ್ಲ ಅಳಿಸಿ ಮುಚ್ಚಬೇಕು. ಒಂದು ಗಂಟೆ ಹಿಡಿಯತ್ತೆ. ಮಾಲೀಕರು ಗಡಿಯಾರ ನೋಡ್ತಾರೆ."

"ಗಿರಾಕಿಗೊಂದ್ಸಲ ಶಟರ್ ಎತ್ತಿ ಇಳಿಸೋ ಅಂಗಡಿ ಎಲ್ಲಾದ್ರೂ ಕಂಡಿದೀರಾ? ಶುರುವಿನಲ್ಲಿ ಒಂದ್ಸಲ ತೆಗೀರಿ, ಕೊನೇಲಿ ಒಂದ್ಸಲ ಮುಚ್ಚಿ."

"ಒಂದು ಪರೀಕ್ಷೆ ಬಿಟ್ಟುಹೋಗಿದ್ದು ಇನ್ನೊಂದರ ಕಣ್ಣಿಗೆ ಬೀಳಲ್ವಾ?"

"ಬಿದ್ರೆ ಬೀಳ್ಲಿ ಬಿಡಿ. ಮೊದಲನೇ ಗಿರಾಕಿಗೆ ತೆಗೆದ ಚಪ್ಪಲಿ ಜೊತೆನೇ ಎರಡನೆಯವನಿಗೂ ಆಗತ್ತೆ. ನಾನಂತೂ ಒಂದನ್ನೂ ಎತ್ತಿಡಲ್ಲ."

ಡಬ್ಬಿಗಳ ಸಾಲಿನ ಹಿಂದಿನಿಂದ ನನ್ನ ಹೆಂಡತಿ ಅಂದಳು: "ಹೌದಪ್ಪ, ಎತ್ತಿಡೋಳು ಇಲ್ಲಿದಾಳಲ್ಲ."

ನಾನೂ ಮೇಷ್ಟ್ರೂ ನಕ್ಕೆವು. ನಗಬಾರದಿತ್ತು, ಅಸಲು ಮಾತು ಅದೇ ಆಗಿತ್ತು.

ಮೇಷ್ಟ್ರು ನಾನು ಹೇಳಿದ ಹಾಗೇ ಮಾಡಿದಳು. ಎಲ್ಲ ಪರೀಕ್ಷೆಗೂ ಒಂದೇ ಕನೆಕ್ಷನ್, ನಡುವೆ ಅಳಿಸುವುದು ಬಂದ್. ಗಂಟೆಯ ಕೆಲಸ ಐದು ನಿಮಿಷಕ್ಕೆ ಇಳಿಯಿತು. ಮಾಲೀಕ ಶಹಭಾಸ್ ಅಂದ. ಉಪಾಯ ನನ್ನದೆಂದು ನಾನು ಎದುರಿನ ಟೈಲರ್ ಮುಂದೆ ಮೀಸೆ ತಿರುವಿದೆ.

ಅಷ್ಟರಲ್ಲಿ ಪ್ರೋಗ್ರಾಂ ಬರೆಯುವವರ ಕೈಯಲ್ಲಿ ಒಂದು ತಪ್ಪಾಯಿತು: ಹೊಸ ರೋಗಿಯ ಹೆಸರು ಬರೆಸಿದರೆ ಅದು ಉಳಿಯುತ್ತಲೇ ಇರಲಿಲ್ಲ. ಅದನ್ನು ಹಿಡಿಯಬೇಕಿದ್ದ ಪರೀಕ್ಷೆ ಹೆಸರು ಹುಡುಕಿತು, ಹಿಂದಿನ ಪರೀಕ್ಷೆ ತನ್ನ ಅನುಕೂಲಕ್ಕೆ ಡೇಟಾಬೇಸ್‌ಗೆ ನೇರವಾಗಿ ತುಂಬಿಟ್ಟು ಹೋಗಿದ್ದ ಅದೇ ಹೆಸರು ಸಿಕ್ಕಿತು, ಪಾಸು ಎಂದಿತು. ಆಸ್ಪತ್ರೆಯಲ್ಲಿ ಮೊದಲ ದಿನವೇ ಊದಿದ ಕಣ್ಣು ಹಿಡಿದುಕೊಂಡು ಕೂತವರಿಗೆಲ್ಲ "ನಿಮ್ಮ ಹೆಸರೇ ಇಲ್ಲ" ಎಂಬ ಉತ್ತರ.

ಸೋರುವ ಪೈಪಿನ ದೂರು ಹೇಳಲು ನಾನು ಮೇಲೆ ಹೋದಾಗ ಮಾಲೀಕ ಆಕೆಯನ್ನು ಕೇಳುತ್ತಿದ್ದ: "ಅಳಿಸೋದು ಬೇಡ ಅಂತ ಯಾರ್ರೀ ಹೇಳಿದ್ದು?"

ಆಕೆ ಒಮ್ಮೆ ನನ್ನ ಕಡೆ ನೋಡಿದಳು. "ಯಾರೂ ಇಲ್ಲ ಸರ್. ನಾನೇ."

ಬಾಯಿ ಬಂಡವಾಳದಲ್ಲೇ ಬದುಕುವವನು ನಾನು. ಆವತ್ತು ಉಪಾಯ ನನ್ನದೆನ್ನಲು ಬಾಯಿ ಬರಲಿಲ್ಲ. ಚಪ್ಪಲಿ ಮಾರುವವನ ಮಾತು ಕೇಳಿದಳೆಂದರೆ ಆಕೆಗೇ ಇನ್ನಷ್ಟು ಅವಮಾನ ಎಂದು ಸಮಾಧಾನ ಹೇಳಿಕೊಂಡೆ. ಅಂಜಿದ್ದು ನನ್ನ ಮರ್ಯಾದೆಗೆ. ಪೈಪಿನ ವಿಷಯ ಹೇಳಿ ಇಳಿದು ಬಂದೆ.

ತಿಂಗಳ ಕೊನೆಗೆ ಆಕೆಯನ್ನು ಕೆಲಸದಿಂದ ಬಿಡಿಸಿದರು. ನಂತರ ಬಂದವನು ಒಂದೇ ಕನೆಕ್ಷನ್ ಹಾಗೇ ಇಟ್ಟುಕೊಂಡು, ಪ್ರತಿ ಪರೀಕ್ಷೆ ಮುಗಿದೊಡನೆ ಅದು ಸೇರಿಸಿದ್ದನ್ನು ಅಳಿಸುವ ಏರ್ಪಾಡು ಮಾಡಿದನಂತೆ. ಅರ್ಧ ದಿನದ ಕೆಲಸ. ಮಾಲೀಕ ಇದನ್ನು ಹೇಳಿದಾಗ ತಡೆಯಲಾರದೆ, ಅಳಿಸುವುದು ಬೇಡವೆಂದ ಉಪಾಯ ನನ್ನದು ಎಂದುಬಿಟ್ಟೆ.

ಆತ ಅಂದ:

"ಅವರು ಏನೋ ಮುಚ್ಚಿಡ್ತಿದಾರೆ ಅನ್ನಿಸ್ತು ಅವತ್ತು, ಅದಕ್ಕೇ ಕಳಿಸಿದೆ. ನೀವು ಆಗ್ಲೇ ಹೇಳಿದ್ರೆ ನಿಮ್ಮ ಮೇಲೆ ರೇಗಾಡಿ, ತಿದ್ದೋಕೆ ಅವರಿಗೇ ಬಿಡ್ತಿದ್ದೆ."