ಕೊರಪ್ಪೊಳು ಹೇಳದೆ ಬಿಟ್ಟ ಮಾತು

ಕೊರಪ್ಪೊಳಿಗೆ ಮನುಷ್ಯರ ಬಗ್ಗೆ ದೊಡ್ಡ ಗೌರವವೇನೂ ಇರಲಿಲ್ಲ. ಹೊರದೇಶದ ಎಟೋಬಿಕೋಕ್ ಎಂಬ ಊರಿನಲ್ಲಿ, ಏರ್‌ಪೋರ್ಟಿಗೆ ಹೋಗುವ ರಸ್ತೆಯ ಒಂದು ಹೋಟೆಲಿನಲ್ಲಿ ಹದಿನೆಂಟು ವರ್ಷದಿಂದ ಅವಳು ರೂಮು ಸ್ವಚ್ಛ ಮಾಡುವವರ ಮೇಸ್ತ್ರಿ. ಟೈ ಕಟ್ಟಿದವರು ಒದ್ದೆ ಟವೆಲನ್ನು ಹಾಸಿಗೆ ಮೇಲೆ ಎಸೆದು ಹೋಗುತ್ತಾರೆ, ಮದುವೆಗೆ ಬಂದವರು ಸಿಂಕಿನಲ್ಲಿ ಅನ್ನ ಚೆಲ್ಲುತ್ತಾರೆ, ಮಾತಾಡುವಾಗ ಮಾತ್ರ ಎಲ್ಲರ ಬಾಯಲ್ಲಿ ಬೆಣ್ಣೆ. ಇದನ್ನೆಲ್ಲ ನೋಡಿ ನೋಡಿ ಅವಳ ತುಟಿಯ ಎಡಗಡೆ ಸ್ವಲ್ಪ ಕೆಳಕ್ಕೆ ಎಳೆದುಕೊಂಡೇ ಇರುತ್ತಿತ್ತು. ಕೈಕೆಳಗಿನ ಹುಡುಗಿಯರಿಗೆ ಅವಳದ್ದು ಒಂದೇ ಕಾನೂನು: "ಒಂದು ಸಲ ಹೇಳುತ್ತೇನೆ. ಎರಡನೇ ಸಲ ಹೇಳಲಿಕ್ಕೆ ನಾನು ರೇಡಿಯೋ ಅಲ್ಲ."

ಐವತ್ತೈದಕ್ಕೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ನಡೆಯಲು ಹೇಳಿದರು. ಅವಳ ಗಂಡ ದೇರಣ್ಣ, ಹೆಂಡತಿಯ ನಾಲಿಗೆಗೆ ವಾರಕ್ಕೊಮ್ಮೆಯಾದರೂ ಬೇರೆ ಕಿವಿ ಸಿಗಲಿ ಎಂದೋ ಏನೋ, ಅವಳನ್ನು ಕನ್ನಡದವರ ಒಂದು ನಡಿಗೆಯ ಗುಂಪಿಗೆ ಸೇರಿಸಿಬಿಟ್ಟ. ಪ್ರತಿ ಶನಿವಾರ ಬೆಳಿಗ್ಗೆ ಸ್ಕಾರ್‌ಬರೋದ ಆಚೆ ತುದಿಯ ಕಾಡಿನ ಕಣಿವೆಯಲ್ಲಿ ನಡಿಗೆ.

ಮೊದಲ ದಿನವೇ ಅವಳು ಮೂಗು ಮುರಿದಳು. ಸಮತಟ್ಟಾದ ದಾರಿ, ಅದಕ್ಕೆ ಕೈಗೆರಡು ಕೋಲು. ಬೆನ್ನಿನ ನೀರಿನ ಚೀಲದಿಂದ ಬಾಯಿಗೆ ಒಂದು ರಬ್ಬರ್ ನಳಿಗೆ. ನಲವತ್ತು ದಾಟಿದ ಗಂಡಸರು ಎಳೆಮಕ್ಕಳ ಹಾಗೆ ಅದನ್ನು ಚೀಪುತ್ತಾ ನಡೆಯುತ್ತಿದ್ದರು. ನೂರು ಹೆಜ್ಜೆಗೊಮ್ಮೆ ಮಣಿಕಟ್ಟು ಎತ್ತಿ ವಾಚು ನೋಡುವುದು ಬೇರೆ. ಇವರಿಗೆಲ್ಲ ನಾಯಕ ಮಾರ್ಕಮ್‌ನ ಮಧುಸೂದನ. ಯಾವುದೋ ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರು, ಬೆಂಗಳೂರಿನವನು. ತನಗೆ ತಿಳಿಯದ ವಿಷಯವನ್ನು ಇನ್ನೂ ಗಟ್ಟಿಯಾಗಿ ಹೇಳುವುದು ಅವನ ಅಭ್ಯಾಸ. ಅವನಿಗೆ 'ಕೊರಪ್ಪೊಳು' ಎಂಬ ಹೆಸರು ನಾಲಿಗೆಯಲ್ಲಿ ಹೊರಳಲಿಲ್ಲ. ಎರಡನೇ ವಾರಕ್ಕೆ ಅವಳು 'ಕೋರಾ ಆಂಟಿ' ಆಗಿದ್ದಳು.

ಅವನ ಹೆಂಡತಿ ದೀಪ್ತಿ ಮಾತ್ರ ಹೆಸರನ್ನು ಎರಡು ಸಲ ಕೇಳಿ ತಿಳಿದುಕೊಂಡು 'ಕೊರಪ್ಪೊಳಕ್ಕ' ಎಂದೇ ಕರೆದಳು. ಮಾತು ಕಡಿಮೆ, ಕೈಯಲ್ಲಿ ಕೋಲಿಲ್ಲ. ಎಷ್ಟು ಹುಡುಕಿದರೂ ಅವಳಲ್ಲಿ ಮೂಗು ಮುರಿಯುವಂಥದ್ದು ಕೊರಪ್ಪೊಳಿಗೆ ಸಿಗಲಿಲ್ಲ. ಇಬ್ಬರೂ ಎಲ್ಲರಿಗಿಂತ ಹಿಂದೆ, ಹೆಚ್ಚು ಮಾತಿಲ್ಲದೆ ನಡೆಯುತ್ತಿದ್ದರು.

ಜುಲೈ ತಿಂಗಳಿಗೆ ದೇಶದ ಪಶ್ಚಿಮ ಭಾಗದ ರಾಕಿ ಪರ್ವತಕ್ಕೆ ಹೋಗುವುದೆಂದು ಮಧುಸೂದನ ತೀರ್ಮಾನಿಸಿದ. ಅದಕ್ಕೆ ಅವನ ಮನೆಯ ಬೇಸ್‌ಮೆಂಟಿನಲ್ಲಿ ಒಂದು ಮೀಟಿಂಗು. ಗೋಡೆಯ ಮೇಲೆ ಸ್ಲೈಡುಗಳು. ಕರಡಿಗೆ ಆರು ಸ್ಲೈಡು. ಆಮೇಲೆ ಬಿಳಿ ಗಡ್ಡದ, ಕಪ್ಪು ಕೊಂಬಿನ ಆಡಿನ ಚಿತ್ರ ಬಂತು.

"ಇದು ಮೌಂಟನ್ ಗೋಟು. ಸೂಪರ್ ಫ್ರೆಂಡ್ಲಿ. ಹತ್ತಿರಾನೇ ಬರುತ್ತೆ, ಸಖತ್ ಫೋಟೋ ಸಿಗುತ್ತೆ. ಹೆದ್ರೋದೇನೂ ಬೇಡ, ನಮ್ಮ ಥರಾನೇ ಪ್ಯೂರ್ ವೆಜ್ಜು!" ಎಂದ ಮಧುಸೂದನ. ಎಲ್ಲರೂ ನಕ್ಕರು.

ಕೊರಪ್ಪೊಳು ಕುರ್ಚಿಯಿಂದ ಎದ್ದಳು. ಈ ದೇಶಕ್ಕೆ ಬಂದ ಹೊಸದರಲ್ಲಿ ಅವಳು ಮೂರು ಬೇಸಿಗೆ ಆ ಪರ್ವತದ ಒಂದು ಲಾಡ್ಜಿನಲ್ಲಿ ಕೆಲಸ ಮಾಡಿದವಳು. ಹಿತ್ತಲ ಹಗ್ಗದ ಮೇಲೆ ಒಣಹಾಕಿದ ಬೆವರಿನ ಏಪ್ರನ್ನುಗಳನ್ನು ಈ ಆಡುಗಳು ಬಂದು ಚೀಪಿ ಚೀಪಿ ಚಿಂದಿ ಮಾಡುತ್ತಿದ್ದವು. ಒಮ್ಮೆ ಓಡಿಸಲು ಹೋದ ಅಡುಗೆಯವನನ್ನು ಒಂದು ಆಡು ಗೋಡೆಗೆ ಒತ್ತಿ ಹಿಡಿದದ್ದನ್ನೂ ಅವಳು ಕಣ್ಣಾರೆ ಕಂಡಿದ್ದಳು.

"ನಾನು ಅಲ್ಲಿಯ ಲಾಡ್ಜಿನಲ್ಲಿ ಮೂರು ಬೇಸಿಗೆ ರೂಮು ಗುಡಿಸಿದವಳು. ಅವಕ್ಕೆ ಉಪ್ಪಿನ ಮರುಳು ಮಾರ್ರೆ," ಎಂದಳು. "ನಮ್ಮ ಬೆವರು, ನಮ್ಮ ಮೂತ್ರ, ಎಲ್ಲದರಲ್ಲಿ ಉಪ್ಪು ಉಂಟಲ್ಲ, ಅದನ್ನು ನೆಕ್ಕಲಿಕ್ಕೆ ಬರುವುದು. ಒಂದಕ್ಕೆ ಹೋಗುವುದಾದರೆ ದಾರಿಯಿಂದ ಐವತ್ತು ಮೀಟರ್ ಆಚೆ, ಬಂಡೆಯ ಮೇಲೆ ಹೋಗಿ. ಆಡು ಕಂಡರೂ ಅಷ್ಟೇ ದೂರ ನಿಲ್ಲಿ. ತಾಯಿ-ಮರಿಯ ನಡುವೆ ಹೋಗಲೇಬೇಡಿ. ಹತ್ತಿರ ಬಂದರೆ ಮೆಲ್ಲ ಹಿಂದೆ ಸರಿಯಿರಿ. ಆಗಲೂ ಬಿಡದಿದ್ದರೆ ಕೂಗಿ, ಬಟ್ಟೆ ಬೀಸಿ, ಕಲ್ಲು ಎಸೆಯಿರಿ. ಆ ಕೊಂಬು ನೋಡಲಿಕ್ಕೆ ಸಣ್ಣದು, ಹೊಕ್ಕಿತೋ ಚೂರಿ."

ಮಧುಸೂದನ ನಗುತ್ತಲೇ ಕೇಳಿದ: "ಆಂಟಿ, ನೀವು ಅಲ್ಲಿ ರೂಮ್ ಕ್ಲೀನಿಂಗಲ್ಲಿ ಇದ್ರಿ ತಾನೇ? ರೇಂಜರ್ ಆಗಿರ್ಲಿಲ್ವಲ್ಲ?"

ಮತ್ತೆ ನಗು. ಮುಂದಿನ ಸ್ಲೈಡು ಬಂತು. ದೀಪ್ತಿಯೊಬ್ಬಳು ಫೋನಿನಲ್ಲಿ ಏನೋ ಬರೆದುಕೊಳ್ಳುತ್ತಿದ್ದಳು. ಕೊರಪ್ಪೊಳು ಕುಳಿತಳು. ಅವಳ ತುಟಿ ಇನ್ನೊಂದಿಷ್ಟು ಕೆಳಕ್ಕೆ ಇಳಿಯಿತು.

ಪರ್ವತದಲ್ಲಿ ಎರಡನೆಯ ದಿನ. ಮರಗಳ ಸಾಲು ಮುಗಿದು ಬರೀ ಕಲ್ಲು, ಹುಲ್ಲು, ಗಾಳಿ. ದಾರಿಯ ಒಂದು ಬದಿಗೆ ಗೋಡೆಯಂಥ ಬಂಡೆ, ಇನ್ನೊಂದು ಬದಿಗೆ ಇಳಿಜಾರು. ಮೇಲಿನ ಕಟ್ಟೆಯ ಹಾಗಿದ್ದ ಕಲ್ಲಿನ ಮೇಲೆ ಒಂದು ತಾಯಿ ಆಡು, ಪಕ್ಕದಲ್ಲಿ ಮರಿ. ಗುಂಪೆಲ್ಲ 'ಸೋ ಕ್ಯೂಟ್' ಎನ್ನುತ್ತಾ ಫೋನು ಹೊರತೆಗೆಯಿತು. ಮಧುಸೂದನ ಮುಂದೆ ತಿರುವಿನ ಹತ್ತಿರ ಹೋದ, ಅತ್ತಿತ್ತ ನೋಡಿದ, ದಾರಿಯ ಅಂಚಿನಲ್ಲೇ ಬೆನ್ನು ತಿರುಗಿಸಿ ನಿಂತುಬಿಟ್ಟ.

ಕೊರಪ್ಪೊಳು ಅದನ್ನು ನೋಡಿದಳು. ಬಾಯಿ ತೆರೆದಳು. ಮತ್ತೆ ಮುಚ್ಚಿದಳು. ಹೇಳಿ ಆಗಿದೆಯಲ್ಲ. ರೂಮು ಗುಡಿಸುವವಳ ಮಾತು ಮ್ಯಾನೇಜರಿಗೆ ಯಾಕೆ? ಆಡು ಬರಲಿ, ಎರಡು ಮಾರು ಓಡಿಸಲಿ, ಹೊಸ ಪ್ಯಾಂಟು ಹರಿಯಲಿ. ಅದನ್ನು ನೆನೆದು ಅವಳಿಗೆ ಒಳಗೊಳಗೇ ಖುಷಿಯೂ ಆಯಿತು.

ಆಡು ಬಂತು. ಕಡಿದಾದ ಬಂಡೆಯಿಂದ ಮೆಟ್ಟಿಲಿಳಿದಂತೆ ಇಳಿದು ಬಂದು ಒದ್ದೆ ಮಣ್ಣನ್ನು ನೆಕ್ಕತೊಡಗಿತು. ಮಧುಸೂದನ ಓಡಲಿಲ್ಲ, ಕುಕ್ಕರಗಾಲಿನಲ್ಲಿ ಕುಳಿತು ಸೆಲ್ಫಿ ಹಿಡಿದ. ಬೆವರು ಹೀರಿದ ಚೀಲದ ಪಟ್ಟಿಯನ್ನು ಅದರ ಮೂತಿಯತ್ತ ಚಾಚಿ, "ನೋಡ್ರೋ, ಹೇಗೆ ನೆಕ್ತಿದೆ!" ಎಂದು ಕೂಗಿದ. ಅಷ್ಟರಲ್ಲಿ ಮರಿ ಇಳಿದು ಅವನ ಇನ್ನೊಂದು ಬದಿಗೆ ಬಂದಿತ್ತು.

ತಾಯಿ ತಲೆ ಎತ್ತಿತು. ಅಡ್ಡಕ್ಕೆ ತಿರುಗಿ ಬೆನ್ನನ್ನು ಬಿಲ್ಲಿನಂತೆ ಮಾಡಿತು. ದೀಪ್ತಿ ಹಿಂದಿನಿಂದ ಓಡಿಹೋಗಿ, "ಬನ್ರೀ ಈಚೆ!" ಎಂದು ಗಂಡನ ತೋಳು ಹಿಡಿದು ಎಳೆದಳು. ಆಡು ನುಗ್ಗಿತು. ಮಧುಸೂದನ ಸರಕ್ಕನೆ ಪಕ್ಕಕ್ಕೆ ಹಾರಿದ. ಅವನ ಹಿಂದಿದ್ದವಳು ದೀಪ್ತಿ.

ಕೊಂಬು ಅವಳ ತೊಡೆಗೆ ಹೊಕ್ಕಿತು. ಅವಳು ಉರುಳಿ ಇಳಿಜಾರಿನ ಅಂಚಿನ ಕಲ್ಲಿಗೆ ತಡೆದು ಬಿದ್ದುಕೊಂಡಳು. ಮಣಿಕಟ್ಟು ಮುರಿದ ಸದ್ದು ಹತ್ತು ಹೆಜ್ಜೆ ದೂರಕ್ಕೂ ಕೇಳಿತು. ಆಡು ಅವಳ ಮೇಲೆಯೇ ತಲೆ ತಗ್ಗಿಸಿ ನಿಂತಿತ್ತು.

ಆಮೇಲೆ ಕೊರಪ್ಪೊಳು ಮಾಡಿದ್ದೆಲ್ಲ ಒಂದೇ ಉಸಿರಿನಲ್ಲಿ. ಮಳೆಕೋಟು ಕಿತ್ತು ತಲೆಯ ಮೇಲೆ ರಪರಪ ಬೀಸುತ್ತಾ, ತುಳುವಿನಲ್ಲಿ ಬಾಯಿಗೆ ಬಂದದ್ದನ್ನೆಲ್ಲ ಕೂಗುತ್ತಾ ನುಗ್ಗಿದಳು. ಮೊದಲ ಕಲ್ಲು ತಪ್ಪಿತು. ಎರಡನೆಯದು ಆಡಿನ ಭುಜಕ್ಕೆ ಬಿತ್ತು. ಮೂರನೆಯದು ಎತ್ತುವಾಗ ಆಡು ಎರಡು ಹೆಜ್ಜೆ ಹಿಂದೆ ಸರಿಯಿತು. ಮತ್ತೆ ಬಂಡೆ ಹತ್ತಿತು. ಮರಿ ಹಿಂಬಾಲಿಸಿತು. "ನಾಲ್ಕು ಜನ ಅದರ ಮೇಲೆ ಕಣ್ಣಿಡಿ! ಉಳಿದವರು ಹಿಂದೆ ಹೋಗಿ!" ಎಂದು ಅವಳು ಗದರಿದಳು. ಈ ಸಲ ಯಾರೂ ನಗಲಿಲ್ಲ.

ಗಾಯಕ್ಕೆ ಟವೆಲು ಮಡಚಿಟ್ಟು ತನ್ನ ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ಒತ್ತಿ ಹಿಡಿದಳು. ಫೋನುಗಳಿಗೆ ಸಿಗ್ನಲಿಲ್ಲ. ದಾರಿಯಲ್ಲಿ ಬಂದ ಬೇರೆ ಯಾರದೋ ಸ್ಯಾಟಲೈಟ್ ಸಾಧನದಿಂದ ಸುದ್ದಿ ಹೋಗಿ ಹೆಲಿಕಾಪ್ಟರ್ ಬರುವಷ್ಟರಲ್ಲಿ ಒಂದೂವರೆ ಗಂಟೆ. ಅಷ್ಟು ಹೊತ್ತೂ ಮಧುಸೂದನ ಒಂದು ಕಲ್ಲಿನ ಮೇಲೆ ಕುಳಿತು, "ಆಂಟಿ, ಏನಾದ್ರೂ ಮಾಡಿ ಆಂಟಿ," ಎಂದು ಅಳುತ್ತಿದ್ದ. ಅವಳು ಅವನತ್ತ ತಿರುಗಲಿಲ್ಲ. ಕೈಯಡಿ ಟವೆಲು ಬೆಚ್ಚಗೆ ಒದ್ದೆಯಾಗುತ್ತಿತ್ತು. ನಾನು ನೋಡಿದ್ದೆ, ನೋಡಿಯೂ ಬಾಯಿ ಮುಚ್ಚಿದ್ದೆ ಎಂಬುದೊಂದೇ ಅವಳ ತಲೆಯಲ್ಲಿ ಸುತ್ತುತ್ತಿತ್ತು.

ದೀಪ್ತಿ ಬದುಕಿದಳು. ಹನ್ನೊಂದು ಹೊಲಿಗೆ, ಕೈಗೆ ಪ್ಲಾಸ್ಟರು. ಮೂರು ವಾರ ಕಳೆದ ಮೇಲೆ ಕೊರಪ್ಪೊಳು ನೀರುದೋಸೆಯ ಡಬ್ಬಿ ಹಿಡಿದುಕೊಂಡು ದೇರಣ್ಣನ ಕಾರಿನಲ್ಲಿ ಮಾರ್ಕಮ್‌ಗೆ ಹೋದಳು. ದೇರಣ್ಣನನ್ನು ಕೆಳಗೆ ಕೂರಿಸಿ, ಮೇಲೆ ದೀಪ್ತಿಯ ಕೋಣೆಗೆ ಹೋಗಿ ಬಾಗಿಲು ಹಾಕಿದಳು.

"ನಿನ್ನ ಹತ್ತಿರ ಒಂದು ಹೇಳಲಿಕ್ಕುಂಟು. ನಿನ್ನ ಗಂಡ ಅಲ್ಲಿ ಒಂದಕ್ಕೆ ನಿಂತದ್ದನ್ನು ನಾನು ನೋಡಿದ್ದೆ. ಕೂಗಿ ಹೇಳಬಹುದಿತ್ತು. ಹೇಳಲಿಲ್ಲ."

"ಯಾಕೆ ಅಕ್ಕ?"

"ಅಹಂಕಾರ. ಅವರು ನನ್ನನ್ನು ನೋಡಿ ನಕ್ಕರಲ್ಲ, ಅನುಭವಿಸಲಿ ಅಂತ."

"ನಾನೂ ನೋಡಿದ್ದೆ ಕೊರಪ್ಪೊಳಕ್ಕ," ಎಂದಳು ದೀಪ್ತಿ. "ನಾನೂ ಹೇಳ್ಲಿಲ್ಲ. ಹದಿನಾಲ್ಕು ವರ್ಷದಿಂದ ಹೇಳಿ ಹೇಳಿ ಸಾಕಾಗಿದೆ."

ಕೊರಪ್ಪೊಳು ಡಬ್ಬಿ ಬಿಚ್ಚಿ ದೋಸೆ ತಟ್ಟೆಗೆ ಹಾಕಿ, ಪ್ಲಾಸ್ಟರಿನ ಕೈಯವಳಿಗೆ ತುಂಡು ಮಾಡಿಕೊಟ್ಟಳು.

ಅಷ್ಟರಲ್ಲಿ ಮಧುಸೂದನ ಲ್ಯಾಪ್‌ಟಾಪು ಹಿಡಿದು ಬಂದ. ಗುಂಪಿಗೆ ಕಳಿಸುವ ಇಮೇಲು ಬರೆದಿದ್ದ. "ವೈಲ್ಡ್ ಅನಿಮಲ್ ಬಿಹೇವಿಯರ್ ಅನ್‌ಪ್ರೆಡಿಕ್ಟಬಲ್ ಅಂತ ಹಾಕಿದೀನಿ ಆಂಟಿ. ಏನೂ ಪ್ರಚೋದನೆ ಇಲ್ದೇ ಅಟ್ಯಾಕ್ ಮಾಡ್ತು ಅಂತ."

ಇಬ್ಬರು ಹೆಂಗಸರೂ ಅವನ ಮುಖ ನೋಡಿದರು. ಇಷ್ಟೆಲ್ಲ ಆದಮೇಲೂ ಈ ಮನುಷ್ಯ ಆಡಿನ ತಲೆಗೇ ಕಟ್ಟುತ್ತಿದ್ದಾನೆ!

"ಅದನ್ನು ಅಳಿಸಿ," ಎಂದಳು ಕೊರಪ್ಪೊಳು. "ನಾನು ಹೇಳುತ್ತೇನೆ, ಬರೆಯಿರಿ. ದಾರಿಯ ಪಕ್ಕದಲ್ಲಿ ಮೂತ್ರ ಮಾಡಬಾರದು."

"ನೇಚರ್ಸ್ ಕಾಲ್ ಅಂತ ಹಾಕ್ಲಾ?"

"ಮೂತ್ರ ಅಂತಲೇ ಹಾಕಿ. ಯಾರು ಮಾಡಿದ್ದು ಅಂತಲೂ ಹಾಕಿ. ಕೆಳಗೆ, ನೋಡಿಯೂ ಸುಮ್ಮನಿದ್ದವಳು ಕೊರಪ್ಪೊಳು ಅಂತಲೂ ಹಾಕಿ."

ಮಧುಸೂದನನ ಕಿವಿ ಕೆಂಪಾಯಿತು. ಹೆಂಡತಿ ಬಿಡಿಸಿಯಾಳೆಂದು ಅವಳತ್ತ ನೋಡಿದ.

"ಬರೀರಿ," ಎಂದಳು ದೀಪ್ತಿ, ದೋಸೆ ಅಗಿಯುತ್ತಾ. "ನನ್ನ ಹೆಸರೂ ಸೇರಿಸಿ."

ಅವನು ಬರೆದ. ಹೆಸರುಗಳ ಜೊತೆ ಐವತ್ತು ಮೀಟರ್, ಬಟ್ಟೆ ಬೀಸುವುದು, ಕಲ್ಲು, ಎಲ್ಲವನ್ನೂ. ಕಳಿಸುವ ಗುಂಡಿಯನ್ನು ಒತ್ತಲು ಅವನ ಬೆರಳು ಮೇಲೇಳಲಿಲ್ಲ. ದೀಪ್ತಿಯೇ ಎಡಗೈ ಚಾಚಿ ಒತ್ತಿದಳು.

ಆ ಗುಂಪಿಗೆ ಈಗ ಬೇರೆ ನಾಯಕ ಬಂದಿದ್ದಾನೆ. ಮಧುಸೂದನ ಬ್ಯಾಡ್ಮಿಂಟನ್ ತಂಡ ಕಟ್ಟಿದ್ದಾನಂತೆ; ಅಲ್ಲಿಯೂ ಸ್ಲೈಡು ತೋರಿಸುತ್ತಾನೆಂದು ಸುದ್ದಿ. ಅಕ್ಟೋಬರಿನ ಎರಡನೆಯ ಶನಿವಾರ ದೀಪ್ತಿ ಕುಂಟುತ್ತಾ ಕಣಿವೆಗೆ ಬಂದಳು. ಅರ್ಧ ದಾರಿಗೆ ಕಾಲು ಸೋತಿತು. ಕೊರಪ್ಪೊಳು ಬಿದ್ದ ಮರವೊಂದರ ಮೇಲಿನ ಎಲೆಗಳನ್ನು ಕೈಯಿಂದ ಸರಿಸಿ ಜಾಗ ಮಾಡಿದಳು. ಮುಂದೆ ಹೋದವರು ಹಿಂತಿರುಗಿ ಬರುವ ತನಕ ಇಬ್ಬರೂ ಅಲ್ಲೇ ಕುಳಿತು ಫ್ಲಾಸ್ಕಿನ ಕಾಫಿ ಕುಡಿದರು.